ಹದಿನಾರು ಮೆಟ್ಟಿಲು

ಬಟಾಣಿ ಸೂಪಿನ ಘಮ ಬಂದರೆ ಸಿಗ್‌ಬ್ರಿಟ್‌ಗೆ ಈಗಲೂ ಬಾಲ್ಯದ ಶಾಲೆಯ ಗುರುವಾರಗಳೇ ನೆನಪಾಗುತ್ತವೆ; ಅಲ್ಲಿ ಗುರುವಾರದ ಊಟವೆಂದರೆ ಸಾಸಿವೆ ಬೆರೆಸಿದ ಬಟಾಣಿ ಸೂಪೇ. ಇವತ್ತು ಆ ಘಮ ಅವಳು ತಾನೇ ಸೂಪು ಮಾಡಿ ಕೈಯಲ್ಲಿ ಹಿಡಿದಿದ್ದ ಪಾತ್ರೆಯಿಂದ ಏಳುತ್ತಿತ್ತು. ಬಾಗಿಲು ತೆರೆದಿತ್ತು, ಕಾಲು ಮಾತ್ರ ಹೊಸ್ತಿಲು ದಾಟುತ್ತಿರಲಿಲ್ಲ.

ಒಬ್ಬರಿಗೊಬ್ಬರು ಎದುರಾಗದಂತೆ, ಮೆಟ್ಟಿಲ ಮೇಲೆ ಯಾರೂ ಇಲ್ಲವೆಂದು ಬಾಗಿಲ ಕಿಂಡಿಯಲ್ಲಿ ನೋಡಿಕೊಂಡೇ ಹೊರಬೀಳುವುದು ಆ ಕಟ್ಟಡದವರೆಲ್ಲರ ರೂಢಿ. ಹಾಗಾಗಿ ಅವಳು ಮನೆಯಿಂದಾಚೆ ಕಾಲಿಡುವ ಭಯದಿಂದ ಎರಡು ವರ್ಷ ಹೊರಗೇ ಬಂದಿಲ್ಲವೆಂಬುದು ಯಾರಿಗೂ ತಿಳಿಯಲಿಲ್ಲ. ಕೆಳಗಿನ ಮನೆಯ ಮುದುಕ ಆಲ್ವಾರ್ ಒಬ್ಬನೇ ಗಮನಿಸಿದ್ದ. ಏನನ್ನೂ ಕೇಳದೆ ಪ್ರತಿ ಗುರುವಾರ ಅವಳ ಬಾಗಿಲಲ್ಲಿ ಸೂಪು ಇಟ್ಟು ಹೋಗುತ್ತಿದ್ದ. ಕಂಪ್ಯೂಟರಿನಲ್ಲೇ ಚಿಕಿತ್ಸೆ ಶುರುಮಾಡಿದ್ದೇನೆ ಎಂದು ಅವಳು ಬಾಗಿಲ ಸಂದಿಯಿಂದ ಹೇಳಿದಾಗ ಮಾತ್ರ ನಕ್ಕಿದ್ದ: “ಅದೇನು ನಿನ್ನ ಕೈ ಹಿಡ್ಕೊಂಡು ಮೆಟ್ಲು ಇಳಿಸುತ್ತಾ?”

ಕೈ ಹಿಡಿಯಲಿಲ್ಲ, ನಿಜ. ಆದರೆ ಅವಳು ಮುಖವನ್ನೇ ನೋಡಿರದ ಚಿಕಿತ್ಸಕಿ ಮಾಲಿನ್ ಹತ್ತು ವಾರ ತಪ್ಪದೆ ಬರೆದಿದ್ದಳು: “ಭಯ ಏರಿದ್ರೆ ಏರ್ಲಿ, ವಾಪಸ್ ಓಡ್ಬೇಡ. ಹತ್ತಕ್ಕೆ ಎಷ್ಟು ಅಂತ ಅಂಕ ಕೊಡ್ತಾ ಇರು, ತಾನಾಗೇ ಇಳಿಯುತ್ತೆ.” ಈ ವಾರದ ಅಭ್ಯಾಸ ಕೆಳಗಿನ ಮನೆಯವರೆಗಿನ ಹದಿನಾರು ಮೆಟ್ಟಿಲು. ಕೊನೆಗೂ ಹೊಸ್ತಿಲು ದಾಟಿದಳು, ಆದರೆ ಎಂಟನೆಯ ಮೆಟ್ಟಿಲಲ್ಲಿ ಎದೆ ಡವಡವಗುಟ್ಟಿ ಸಿಗ್‌ಬ್ರಿಟ್ ಕುಳಿತೇಬಿಟ್ಟಳು. ಬಿಸಿ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಅಂಕ ಹಾಕಿದಳು: ಒಂಬತ್ತು. ಸ್ವಲ್ಪ ಹೊತ್ತಿಗೆ ಏಳು. ನಾಲ್ಕಾದಾಗ ಎದ್ದು ಇಳಿದಳು.

ಬಾಗಿಲು ಬಡಿದಾಗ ಒಳಗಿಂದ ಆಲ್ವಾರ್ ಕೂಗಿದ, “ಯಾರ್ರೀ ಅದು? ಸ್ವಲ್ಪ ತಡೀರಿ, ನಾನಿನ್ನೂ ಚಡ್ಡೀಲಿದೀನಿ!” ಕೊನೆಗೆ ಬಾಗಿಲು ತೆರೆದವನು ಅವಳನ್ನು ಕಂಡು, ಅವಳ ಹಿಂದಿನ ಮೆಟ್ಟಿಲುಗಳತ್ತ ಒಮ್ಮೆ ನೋಡಿದ. ಆಮೇಲೆ ಪಾತ್ರೆಯತ್ತ ಬಗ್ಗಿ ಮೂಸಿ, “ಸಾಸಿವೆ ಹಾಕಿದೀಯ ತಾನೆ?” ಎಂದು ಗದರಿದ.

ಸಿಗ್‌ಬ್ರಿಟ್ ಪಾತ್ರೆಯನ್ನು ಅವನ ಕೈಗಿತ್ತಳು.