ಎರಡನೆಯ ಸಹಿ

ಸ್ಟಾಂಪ್ ಪ್ಯಾಡಿನ ಶಾಯಿಯ ವಾಸನೆ ಬಂದರೆ ಈಗಲೂ ನನಗೆ ಕೊಲ್ಲಿ ದೇಶದ ಮುಹರ್ರಕ್ ಪಟ್ಟಣದ ಆ ಶುಕ್ರವಾರದ ಮಧ್ಯಾಹ್ನ ನೆನಪಾಗುತ್ತದೆ.

ಅಲ್ಲಿದ್ದ ನಮ್ಮ ಊರಿನವರ ಸಂಘಕ್ಕೆ ದೊಡ್ಡಪ್ಪ ಅಧ್ಯಕ್ಷರು. ಅವರ ಬಟ್ಟೆ ಅಂಗಡಿಯಲ್ಲಿ ನೌಕರರಾಗಿದ್ದ ಅಪ್ಪ ಕಾರ್ಯದರ್ಶಿ. ಅಧ್ಯಕ್ಷಗಿರಿ ಒಂದೇ ವರ್ಷವೆಂಬ ನಿಯಮವನ್ನು ತೆಗೆದುಹಾಕುವ ಠರಾವನ್ನು ದೊಡ್ಡಪ್ಪ ತಾವೇ ಬರೆದು, ಸಹಿ ಹಾಕಿ, ಮೊಹರು ಒತ್ತಿ ತಂದಿದ್ದರು. ಅಪ್ಪನ ಸಹಿಯೊಂದು ಬಾಕಿ. ಸಮಿತಿಯ ನಾಲ್ವರು ನಮ್ಮ ಚಾಪೆಯ ಮೇಲೆ ಬಿರಿಯಾನಿ ಮುಗಿಸಿ ಕಾಯುತ್ತಿದ್ದರು.

"ನಿಯಮ ಮಾಡಿದ್ದು ನೀವೇ ಅಲ್ವಾ ಅಣ್ಣಾ?" ಎಂದರು ಅಪ್ಪ.

"ಮಾಡಿದವನಿಗೆ ತೆಗೆಯಲಿಕ್ಕೂ ಗೊತ್ತುಂಟು. ಸೈನ್ ಹಾಕು ಮಾರಾಯ."

ಮೂಲೆಯಲ್ಲಿ ನಾನು ಶಾಲೆಯ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದೆ. ರೋಮ್‌ನಲ್ಲಿ ವರ್ಷಕ್ಕೆ ಇಬ್ಬರು ಅಧಿಪತಿಗಳು. ಒಬ್ಬ ಬೇಡವೆಂದರೆ ಇನ್ನೊಬ್ಬನ ಆಜ್ಞೆ ನಡೆಯದು. ಅಪ್ಪ ಪೆನ್ನು ಕೆಳಗಿಟ್ಟರು.

ದೊಡ್ಡಪ್ಪ ನನ್ನ ಕಡೆ ತಿರುಗಿದರು. "ಹೌದಾ ಮಗಾ? ಆ ಎರಡನೆಯವನ ಪಾಸ್‌ಪೋರ್ಟ್ ಯಾರ ಕಪಾಟಿನಲ್ಲಿ ಇತ್ತಂತೆ?"

ನಾಲ್ವರೂ ನಕ್ಕರು. ಅಪ್ಪ, ಅಮ್ಮ, ನಾನು, ಮೂವರ ಪಾಸ್‌ಪೋರ್ಟುಗಳೂ ದೊಡ್ಡಪ್ಪನ ಅಂಗಡಿಯ ಕಪಾಟಿನಲ್ಲಿದ್ದವು.

ಅಪ್ಪ ಸಹಿ ಹಾಕಿದರು. ಆಮೇಲೆ ನನ್ನ ಮುಖ ನೋಡದೆ, "ಇನ್ನು ಮೇಲೆ ಮನಸ್ಸಿನಲ್ಲೇ ಓದು," ಎಂದರು.