ತಾನೇ ಟೈಪ್ ಮಾಡುವ ಕಂಪ್ಯೂಟರ್

ಪ್ರತಿಮಾಳ ಎರಡೂ ಕೈ ಅಬ್ಬಲಿಗೆ ಹೂವಿನ ದಂಡೆ ಕಟ್ಟುತ್ತಿದ್ದವು. ಎದುರಿನ ಕಂಪ್ಯೂಟರ್ ಮಾತ್ರ ತಾನೇ ಟೈಪ್ ಮಾಡುತ್ತಿತ್ತು.

ನಿರಂಜನ ಬಾಗಿಲ ಮರೆಯಲ್ಲಿ ನಿಂತು ಐದು ನಿಮಿಷ ನೋಡಿದರು. ಹೆಸರು, ತಂದೆಯ ಹೆಸರು, ಊರು ಒಂದರ ಹಿಂದೊಂದು ಬಂದು ಕೂರುತ್ತಿದ್ದವು. ಪ್ರಿಂಟರಿನಿಂದ ಪ್ರಮಾಣಪತ್ರ ಹೊರಬೀಳುತ್ತಿತ್ತು. ತೀರ್ಥಹಳ್ಳಿಯಿಂದ ಹೊಸನಗರದ ಈ ತಾಲ್ಲೂಕು ಕಚೇರಿಗೆ ಸಾಹೇಬರಾಗಿ ಬಂದು ಇನ್ನೂ ನಾಲ್ಕು ದಿನ. ಅಷ್ಟರಲ್ಲೇ ಮೈಗಳ್ಳಿಯೊಬ್ಬಳು ಸಿಕ್ಕಿಬಿದ್ದಳಲ್ಲ ಎಂದು ಅವರಿಗೆ ಒಳಗೊಳಗೇ ಖುಷಿ.

"ಎಂಥದಿದು?"

"ಮ್ಯಾಕ್ರೋ ಸರ್. ದಿನಾ ಮಾಡೋ ಕೆಲ್ಸನ ಒಂದ್ಸಲ ಕಲಿಸಿಟ್ರೆ ಆಯ್ತು. ಆಮೇಲೆ ಒಂದು ಕೀ ಒತ್ತಿದ್ರೆ ಅದೇ ಮಾಡ್ತದೆ. ನಾನು ಕೊನೇಲಿ ತಪ್ಪಿದ್ಯಾ ಅಂತ ಓದ್ತೀನಿ."

"ಎಲ್ಲಾ ಅದೇ ಮಾಡೋದಾದ್ರೆ ನೀವ್ಯಾಕೆ?"

ಪ್ರತಿಮಾಳದು ಹಂಗಾಮಿ ನೌಕರಿ. ಸಾಹೇಬರ ಒಂದು ಪತ್ರ ಸಾಕು, ಕೆಲಸ ಹೋದಂತೆಯೇ. ಬೇರೆಯವರಾಗಿದ್ದರೆ ಕೈಕಾಲು ಹಿಡಿಯುತ್ತಿದ್ದರು. ಈಕೆ ಹೂವಿಗೆ ಗಂಟು ಹಾಕಿ ನಕ್ಕುಬಿಟ್ಟಳು. ಏನು ಸೊಕ್ಕು ಅಂತೀರಿ! ನಿರಂಜನರ ಪಿತ್ತ ನೆತ್ತಿಗೇರಿತು.

"ನಾಳೆಯಿಂದ ಮ್ಯಾಕ್ರೋ ಗೀಕ್ರೋ ಬಂದ್. ಕೈಯಲ್ಲೇ ಟೈಪ್ ಮಾಡಿ."

ಮರುದಿನ ಕೈಯಲ್ಲೇ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಸರದಿ ಸಾಲು ರಸ್ತೆ ಮುಟ್ಟಿತು. ಸಾಲಿನಲ್ಲಿ ಕಾದಿದ್ದ ಹುಲಿಕಲ್ಲಿನ ಜಟ್ಟಿಂಗಪ್ಪ ಊರಿನ ಬಸ್ಸು ತಪ್ಪಿಸಿಕೊಂಡು ಸಾಹೇಬರ ಮೇಜಿನ ಮುಂದೆ ನಿಂತರು.

"ಮೊನ್ನೆ ನಮ್ಮೂರೋರಿಗೆ ಹತ್ತು ನಿಮಿಷಕ್ಕೆ ಸಿಕ್ತಂತಲ್ರಾ, ಇವತ್ತೆಂತಾಯ್ತು?"

ಬೇಕಂತಲೇ ನಿಧಾನ ಮಾಡುತ್ತಿದ್ದಾಳೆ, ಇನ್ನೇನು! ನಿರಂಜನ ಅಲ್ಲೇ ತೀರ್ಮಾನ ಮಾಡಿದರು. ಇವತ್ತೇ ತೆಗೆದುಹಾಕಬೇಕು. ಆದರೆ ಪತ್ರ ಬರೆಯುವವರು ಯಾರು? ಕನ್ನಡದ ಒಂದು ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ಅವರ ಚಹಾ ಆರಿಹೋಗುತ್ತಿತ್ತು. ಕಚೇರಿಯಲ್ಲಿ ಟೈಪ್ ಬಲ್ಲವಳು ಒಬ್ಬಳೇ. ವಿಧಿಯಿಲ್ಲದೆ ಅವಳ ಕಂಪ್ಯೂಟರಿನ ಬಳಿಗೇ ಹೋದರು.

"ಒಂದು ಪತ್ರ ಆಗ್ಬೇಕಿತ್ತು," ಎಂದರು ಕಿಟಕಿ ನೋಡುತ್ತ. "ವಿಷಯ… ನಿಮ್ಮನ್ನ ಕೆಲಸದಿಂದ ಬಿಡುಗಡೆ ಮಾಡೋದು."

"ಸರಿ ಸರ್. ಇದೊಂದಕ್ಕೆ ಮ್ಯಾಕ್ರೋ ಹಾಕ್ಲಾ?"

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡರು. "ಏನಾದ್ರೂ ಹಾಕಿ, ಬೇಗ ಮುಗೀಲಿ."

ಪ್ರತಿಮಾ ಒಂದು ಕೀ ಒತ್ತಿದಳು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಪತ್ರ ಕೈಗೆ ಬಂತು. ವಿಷಯ, ಉಲ್ಲೇಖ, ನಿಯಮದ ಸಂಖ್ಯೆ, ಅವಳ ಹೆಸರು, ಕೊನೆಗೆ ಅವರು ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದ 'ಉದ್ದೇಶಪೂರ್ವಕ ವಿಳಂಬ' ಎಂಬ ಕಾರಣ ಕೂಡ. ಖಾಲಿ ಇದ್ದದ್ದು ಸಹಿಯ ಜಾಗ ಒಂದೇ. ನಿರಂಜನರ ಪೆನ್ನು ಗಾಳಿಯಲ್ಲೇ ನಿಂತಿತು.

"ಇದು… ಮೊದಲೇ ಇತ್ತಾ?"

"ನಿಮಗಿಂತ ಮುಂಚೆ ಇದ್ದ ಮೂರೂ ಸಾಹೇಬ್ರು ಇದನ್ನೇ ಬರೆಸಿದ್ರಲ್ಲ ಸರ್. ಎರಡು ದಿನ ಬಿಟ್ಟು ನನ್ನನ್ನ ವಾಪಸ್ ಕರೆಯೋ ಪತ್ರ ಪಕ್ಕದ ಕೀನಲ್ಲಿದೆ, ಅದನ್ನೂ ಈಗ್ಲೇ ತೆಗೀಲಾ?"