ಅತ್ತೆಯ ಸಕಾರಾತ್ಮಕ ಉತ್ತರ

“ಇದು ಪೋರ್ಟ್, ಇದು ಶೆರಿ,” ಎಂದು ಅಂಗಡಿಯವನು ಎರಡು ಬಾಟಲಿಗಳನ್ನು ಕೌಂಟರಿನ ಮೇಲಿಟ್ಟ. “ಎರಡೂ ಸಿಹಿ ವೈನೇ ಸಾರ್, ಬ್ರಾಂದಿ ಬೆರೆಸಿ ಸ್ಟ್ರಾಂಗ್ ಮಾಡಿರ್ತಾರೆ. ಊಟದ ಕೊನೇಲಿ ಕೇಕ್ ಜೊತೆ ಪುಟ್ಟ ಲೋಟದಲ್ಲಿ ಕೊಡಿ. ನಾನಾದ್ರೆ ಪೋರ್ಟ್ ಅಂತೀನಿ. ಪೋರ್ಟ್ ಅಂದ್ರೆ ಬಂದರು ತಾನೆ? ಮುಚ್ಚಳ ತೆಗೀರಿ, ನೆಂಟರು ಬಂದರು.”

ಅಳಿಯನಿಗೆ ನಗು ಬಂತು, ಧೈರ್ಯ ಬರಲಿಲ್ಲ. ಮದುವೆಯಾದ ಮೇಲೆ ಅತ್ತೆಮನೆಯಲ್ಲಿ ರಜೆಯ ದಿನದ ಮೊದಲ ಔತಣ ಇದು. ರೇಡಿಯೊದಲ್ಲಿ ಮಿಮಿಕ್ರಿ ಮಾಡಿ ಬದುಕುವವನು. ಮಂತ್ರಿ, ಮೇಷ್ಟ್ರು, ಮಿಕ್ಸಿ, ಯಾರ ದನಿಯನ್ನೂ ಬಿಟ್ಟವನಲ್ಲ. ಹೆಂಡತಿ ಬೆಳಗ್ಗೆಯೇ ಎಚ್ಚರಿಸಿದ್ದಳು: “ಅಮ್ಮಂಗೆ ಹೊಸ ಹಲ್ಲುಸೆಟ್. ಮಾತಾಡೋಕೆ ನಾಚ್ಕೊಂಡು ಅಡುಗೆಮನೆ ಸೇರಿದಾಳೆ. ಊಟಕ್ಕೂ ನಮ್ಮ ಜೊತೆ ಕೂರಲ್ವಂತೆ. ಇವತ್ತು ನಿನ್ನ ಬಾಯಿಗೂ ರಜೆ ಕೊಡು. ಅವಳು ನೊಂದ್ಕೊಂಡ್ಲೋ, ನೋಡು.”

ಅವನು ಫೋನ್ ಮಾಡಿ, ದನಿಯನ್ನು ಬೆಣ್ಣೆಯಲ್ಲಿ ಅದ್ದಿ ಕೇಳಿದ: “ಅತ್ತೆ... ಪೋರ್ಟ್ ತರ್ಲಾ ಅತ್ತೆ?”

“ಶರಿ,” ಎಂದರು ಅತ್ತೆ.

“ಹಾಗಾದ್ರೆ ಪೋರ್ಟ್ ಬೇಡ್ವಾ ಅತ್ತೆ?”

“ಶರಿ ಅಂದೆನಲ್ಲಪ್ಪಾ.” ಫೋನ್ ಕಟ್ಟಾಯಿತು.

“ಶೆರಿನೇ ಬೇಕಂತೆ,” ಎಂದ ಅಳಿಯ. “ತಿಳ್ಕೊಂಡೋರು ಸಾರ್ ನಿಮ್ಮತ್ತೆ,” ಎಂದು ಅಂಗಡಿಯವನು ಬಾಟಲಿಗೆ ಕಾಗದ ಸುತ್ತಿದ.

ಊಟದ ಮೇಜಿನಲ್ಲಿ ಮಾವ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಪೋರ್ಟ್ ತರ್ತಾರೆ ಅಂತಿದ್ಲಲ್ಲ ನಿಮ್ಮತ್ತೆ?”

“ಇಲ್ಲ ಮಾವ, ಅತ್ತೆನೇ ಫೋನಲ್ಲಿ ಶೆರಿ ಅಂದ್ರು...”

ಅಂದ ಮೇಲೆ ಅವನಿಗೆ ಹೊಳೆಯಿತು. ಹೆಂಡತಿ ಕಣ್ಣು ಮುಚ್ಚಿಕೊಂಡಳು. ಮಾವನ ಮೀಸೆ ಅದುರತೊಡಗಿತು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಒಮ್ಮೆಲೇ ನಿಂತಿತು.

ಅತ್ತೆ ಕೇಕಿನ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಅಳಿಯ ಕುರ್ಚಿ ದೂಡಿ ಎದ್ದ. “ತಪ್ಪಾಯ್ತು ಅತ್ತೆ. ಈಗ್ಲೇ ಹೋಗಿ ಬದಲಾಯಿಸ್ಕೊಂಡು ಬರ್ತೀನಿ.”

“ಕೂತ್ಕೊಳ್ಳಿ ಅಳಿಯಂದ್ರೇ. ಬಾಟ್ಲಿ ಬದಲಾಯಿಶ್ಬಹುದು. ಈ ಹಲ್ಲನ್ನ ಯಾವ ಅಂಗಡಿಗೆ ವಾಪಶ್ ಕೊಡ್ತೀರಿ?”

ಮೊದಲು ಸಿಡಿದದ್ದು ಮಾವ, ಆಮೇಲೆ ಮಗಳು. ಅತ್ತೆ ಕುರ್ಚಿ ಎಳೆದುಕೊಂಡು ಎಲ್ಲರ ನಡುವೆಯೇ ಕೂತು ಲೋಟ ಚಾಚಿದರು. ಒಂದು ಗುಟುಕು ಹೀರಿ, “ಶೊಗಶಾಗಿದೆ,” ಎಂದರು. ಆಮೇಲೆ ತುಟಿ ಒರೆಸಿಕೊಂಡು, ಚಮಚವನ್ನು ಫೋನಿನಂತೆ ಕಿವಿಗಿಟ್ಟು, ಕತ್ತು ಕೊಂಕಿಸಿದರು: “ಅತ್ತೆ... ಪೋರ್ಟ್ ತರ್ಲಾ ಅತ್ತೆ? ಬೇಡ್ವಾ ಅತ್ತೆ?”

ಮಾವ ಮೇಜು ಬಡಿಬಡಿದು ನಕ್ಕರು. ಹೆಂಡತಿ ಕಣ್ಣೊರೆಸಿಕೊಂಡಳು. ಅಳಿಯನೂ ನಕ್ಕ, ಆದರೆ ಒಂದು ಕ್ಷಣ ತಡವಾಗಿ. ಅಷ್ಟೊಂದು ಹೆದರಿದ ಆ ದನಿ ಯಾರದೆಂದು ಗುರುತಿಸಲು ಆ ಮನೆಯಲ್ಲಿ ಅವನೊಬ್ಬನಿಗೇ ಹೊತ್ತು ಹಿಡಿಯಿತು.